‘ಪಂಪು ಹೋಗಿದೆ’ ಅನ್ನುವ ಮುಂಚೆ: ಡೀಸೆಲ್ ಪಿಕಪ್‌ನ ಇಂಧನ ಪಂಪಿನ ದೋಷ ಹುಡುಕುವುದು ಹೇಗೆ?

ಬೆಳಗಿನ ನಾಲ್ಕು ಗಂಟೆ. ಪಿಕಪ್ ತುಂಬ ಟೊಮ್ಯಾಟೊ ಕ್ರೇಟು. ಹರಾಜು ಶುರುವಾಗುವ ಮುಂಚೆ ಮಾರ್ಕೆಟ್ ಸೇರಬೇಕು. ಕೀ ತಿರುಗಿಸಿದರೆ ಸೆಲ್ಫ್ ಚೆನ್ನಾಗಿಯೇ ತಿರುಗುತ್ತದೆ, ಇಂಜಿನ್ ಮಾತ್ರ ಹಿಡಿಯುವುದಿಲ್ಲ. ಅರ್ಧ ಗಂಟೆ ಕಳೆದ ಮೇಲೆ ಬಂದ ಮೆಕ್ಯಾನಿಕ್ ಬಾನೆಟ್ ಎತ್ತಿ ನೋಡಿ, “ಪಂಪು ಹೋಗಿದೆ ಅಣ್ಣಾ” ಅನ್ನುತ್ತಾನೆ. ಗಾಡಿಯ ಸಾಲದ ಕಂತು ಕಟ್ಟುತ್ತಿರುವವರಿಗೆ ಈ ಮಾತು ಕೇಳಿದರೆ ಎದೆ ಧಸಕ್ಕನ್ನುತ್ತದೆ. ಪಂಪು ಇಳಿಸಿ, ಪಂಪ್ ರೂಮಿಗೆ, ಅಂದರೆ ಡೀಸೆಲ್ ಪಂಪು ರಿಪೇರಿ ಮಾಡುವ ಅಂಗಡಿಗೆ ಕೊಟ್ಟು, ಮತ್ತೆ ಕೂರಿಸುವುದು ಅಂದರೆ ಸಾವಿರಾರು ರೂಪಾಯಿ ಖರ್ಚು. ಹೊಸ ತರದ ಗಾಡಿಯಾದರೆ ಅದು ಹತ್ತಾರು ಸಾವಿರಕ್ಕೂ ಹೋಗಬಹುದು. ಬಾಡಿಗೆ ತಪ್ಪುವ ದಿನಗಳ ಲೆಕ್ಕ ಬೇರೆ.

ಎಷ್ಟೋ ಸಲ ಪಂಪಿಗೆ ಏನೂ ಆಗಿರುವುದಿಲ್ಲ. ಪಂಪಿಗೆ ಡೀಸೆಲ್ ಬಂದೇ ಇರುವುದಿಲ್ಲ, ಅಷ್ಟೇ. ಇವೆರಡನ್ನು ಬೇರೆ ಮಾಡಿ ನೋಡುವುದು ಹೇಗೆ ಅನ್ನುವುದನ್ನು ಮೊದಲಿನಿಂದ ನೋಡೋಣ.

ಪಂಪು ಮಾಡುವ ಕೆಲಸ

ಪೆಟ್ರೋಲ್ ಇಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ ಕಿಡಿ ಹಚ್ಚುತ್ತದೆ. ಡೀಸೆಲ್ ಇಂಜಿನ್‌ನಲ್ಲಿ ಕಿಡಿ ಇಲ್ಲ. ಸೈಕಲ್‌ಗೆ ಜೋರಾಗಿ ಗಾಳಿ ಹೊಡೆಯುವಾಗ ಪಂಪಿನ ತುದಿ ಬಿಸಿಯಾಗುತ್ತದೆ, ಅಲ್ವಾ? ಇಲ್ಲಿ ಆಗುವುದೂ ಅದೇ. ಸಿಲಿಂಡರಿನ ಗಾಳಿಯನ್ನು ಪಿಸ್ಟನ್ ಹದಿನೆಂಟು ಇಪ್ಪತ್ತು ಪಟ್ಟು ಸಣ್ಣ ಜಾಗಕ್ಕೆ ಒತ್ತಿಬಿಡುತ್ತದೆ. ಆ ಗಾಳಿ 500 ಡಿಗ್ರಿಗಿಂತ ಜಾಸ್ತಿ ಕಾಯುತ್ತದೆ. ಸರಿಯಾಗಿ ಆ ಹೊತ್ತಿಗೆ ಡೀಸೆಲನ್ನು ಮಂಜಿನಂತೆ ಒಳಗೆ ಚಿಮ್ಮಿಸಿದರೆ ಅದು ತಾನಾಗಿ ಹೊತ್ತಿಕೊಳ್ಳುತ್ತದೆ.

ಚಿಮ್ಮಿಸುವುದು ನಾಜಲ್. ಅದಕ್ಕೆ ಒತ್ತಡ ಕೊಡುವುದು ಇಂಧನ ಪಂಪು. ಹಳೆಯ ತರದ ಗಾಡಿಗಳಲ್ಲಿ ಯಾವಾಗ ಬಿಡಬೇಕು, ಎಷ್ಟು ಬಿಡಬೇಕು ಅನ್ನುವುದನ್ನೂ ಪಂಪೇ ತೀರ್ಮಾನಿಸುತ್ತದೆ. ಮೆಕ್ಯಾನಿಕ್‌ಗಳು ‘ಟೈಮಿಂಗ್’ ಅನ್ನುವುದು ಈ ‘ಯಾವಾಗ’ಕ್ಕೆ. ರೇಸ್ ಕೊಟ್ಟಾಗ ಬದಲಾಗುವುದು ‘ಎಷ್ಟು’.

ಈ ಕೆಲಸ ಎಷ್ಟು ಸೂಕ್ಷ್ಮ ಅಂತ ಒಂದು ಲೆಕ್ಕದಲ್ಲಿ ಗೊತ್ತಾಗುತ್ತದೆ. ನಾಲ್ಕು ಸಿಲಿಂಡರಿನ ಇಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುತ್ತಿದೆ ಅಂದುಕೊಳ್ಳಿ. ಎರಡು ಸುತ್ತಿಗೊಮ್ಮೆ ಪ್ರತಿ ಸಿಲಿಂಡರಿಗೂ ಡೀಸೆಲ್ ಬೇಕು. ಅಂದರೆ ಒಂದು ಸಿಲಿಂಡರಿಗೆ ಸೆಕೆಂಡಿಗೆ 25 ಸಲ, ನಾಲ್ಕಕ್ಕೂ ಸೇರಿ 100 ಸಲ. ಪೂರ್ತಿ ಲೋಡಿನಲ್ಲಿ ಏರು ಹತ್ತುವಾಗಲೂ ಒಂದು ಸಲಕ್ಕೆ ಹೋಗುವುದು ಸುಮಾರು ಒಂದು ಹನಿ. ಸುಮ್ನೆ ನಿಂತು ಓಡುವಾಗ ಅದಕ್ಕಿಂತ ಎಷ್ಟೋ ಕಡಿಮೆ.

ಈ ಹನಿಯನ್ನು ಅಳೆದು ಒತ್ತುವ ಉಕ್ಕಿನ ಕಡ್ಡಿಗೆ ಪ್ಲಂಜರ್ ಅನ್ನುತ್ತಾರೆ. ಅದಕ್ಕೂ ಅದು ಓಡಾಡುವ ತೂತಿಗೂ ನಡುವಿನ ಸಂದು ಎರಡು ಮೂರು ಮೈಕ್ರಾನ್. ನಮ್ಮ ತಲೆಗೂದಲು 70 ಮೈಕ್ರಾನ್ ಆಸುಪಾಸಿನ ದಪ್ಪ. ಕಣ್ಣಿಗೆ ಕಾಣದ ಧೂಳಿನ ಕಣವೂ ಅಲ್ಲಿ ಗೀರು ಹಾಕಬಲ್ಲದು.

ಹನಿ ನೀರಾವರಿ ಗೊತ್ತಿದ್ದರೆ ಅರ್ಧ ಗೊತ್ತಿದ್ದ ಹಾಗೆ

ತೋಟಕ್ಕೆ ಡ್ರಿಪ್ ಹಾಕಿಸಿದವರಿಗೆ ಇದನ್ನು ವಿವರಿಸುವುದು ಸುಲಭ. ಬಾವಿ, ಫುಟ್‌ವಾಲ್ವ್, ಮೋಟಾರು, ಫಿಲ್ಟರ್, ಪೈಪು, ಕೊನೆಗೆ ಡ್ರಿಪ್ಪರ್. ಪಿಕಪ್‌ನಲ್ಲಿ ಟ್ಯಾಂಕೇ ಬಾವಿ. ಅಲ್ಲಿಂದ ಡೀಸೆಲನ್ನು ಎಳೆದು ತರುವುದು ಫೀಡ್ ಪಂಪು. ಅದು ಚಿಕ್ಕದು, ಕೊಡುವ ಒತ್ತಡವೂ ಕಡಿಮೆ. ನೀರು ಬೇರ್ಪಡಿಸುವ ಬಟ್ಟಲು ಮತ್ತು ಡೀಸೆಲ್ ಫಿಲ್ಟರ್ ಇದೇ ದಾರಿಯಲ್ಲಿವೆ. ಆಮೇಲೆ ಬರುವುದು ನಮ್ಮ ದೊಡ್ಡ ಪಂಪು. ಅಲ್ಲಿಂದ ಮುಂದೆ ಉಕ್ಕಿನ ಪೈಪುಗಳು, ಕೊನೆಗೆ ನಾಜಲ್. ಮಿಕ್ಕ ಡೀಸೆಲ್ ರಿಟರ್ನ್ ಪೈಪಿನಲ್ಲಿ ವಾಪಸ್ ಟ್ಯಾಂಕಿಗೆ ಹೋಗುತ್ತದೆ.

ಬಾವಿಯಲ್ಲಿ ಫುಟ್‌ವಾಲ್ವ್ ಸೋರಿದರೆ ಏನಾಗುತ್ತದೆ? ಮೋಟಾರು ಗುಂಯ್ ಅಂತ ತಿರುಗುತ್ತದೆ, ನೀರು ಬರುವುದಿಲ್ಲ. ಯಾರೂ ಮೊದಲು ಮೋಟಾರು ಬಿಚ್ಚುವುದಿಲ್ಲ. ಪೈಪಿಗೆ ನೀರು ತುಂಬಿಸಿ ನೋಡುತ್ತಾರೆ. ಡೀಸೆಲ್ ಗಾಡಿ ‘ಏರ್ ತಗೊಂಡಿದೆ’ ಅಂದರೆ ಇದೇ ಕಥೆ. ಡೀಸೆಲನ್ನು ಒತ್ತಿದರೆ ಅದು ಹೆಚ್ಚು ಕುಗ್ಗುವುದಿಲ್ಲ, ಹಾಗಾಗಿ ಒತ್ತಡ ನಾಜಲ್‌ವರೆಗೂ ಹೋಗುತ್ತದೆ. ನಡುವೆ ಗಾಳಿಗುಳ್ಳೆ ಇದ್ದರೆ ಪ್ಲಂಜರಿನ ಒತ್ತೆಲ್ಲ ಅದನ್ನು ಕುಗ್ಗಿಸುವುದರಲ್ಲೇ ಮುಗಿದುಹೋಗುತ್ತದೆ. ನಾಜಲ್ ತೆರೆಯುವುದೇ ಇಲ್ಲ.

ನಿಮ್ಮ ಗಾಡಿಯಲ್ಲಿ ಇರುವುದು ಯಾವ ಪಂಪು?

ಇದು ಗೊತ್ತಿಲ್ಲದೆ ಮುಂದಿನ ಪರೀಕ್ಷೆ ಮಾಡುವುದು ಅಪಾಯ.

ಇನ್‌ಲೈನ್ ಪಂಪು ಎಲ್ಲಕ್ಕಿಂತ ಹಳೆಯದು. ಸಾಲಾಗಿ ನಿಲ್ಲಿಸಿದ ನಾಲ್ಕು ಪ್ಲಂಜರ್, ಒಂದೊಂದು ಸಿಲಿಂಡರಿಗೆ ಒಂದೊಂದು. ಪ್ಲಂಜರನ್ನೂ ಅದು ಕೂರುವ ಬ್ಯಾರೆಲನ್ನೂ ಸೇರಿಸಿ ವರ್ಕ್‌ಶಾಪಿನಲ್ಲಿ ‘ಎಲಿಮೆಂಟ್’ ಅನ್ನುತ್ತಾರೆ. ಜರ್ಮನಿಯ ಬಾಷ್ ಕಂಪನಿ 1927ರಲ್ಲಿ ಇಂಥ ಪಂಪುಗಳನ್ನು ದೊಡ್ಡ ಸಂಖ್ಯೆಯಲ್ಲಿ ತಯಾರಿಸಲು ಶುರು ಮಾಡಿತು. ರೋಟರಿ ಪಂಪು ಗಾತ್ರದಲ್ಲಿ ಚಿಕ್ಕದು, ಒಂದೇ ಪ್ಲಂಜರ್ ತಿರುಗುತ್ತಾ ಎಲ್ಲಾ ಸಿಲಿಂಡರಿಗೂ ಸರದಿಯಂತೆ ಹಂಚುತ್ತದೆ. ಹಳೆಯ ಪಿಕಪ್‌ಗಳಲ್ಲಿ ಹೆಚ್ಚಾಗಿ ಸಿಗುವುದು ಇವೆರಡರಲ್ಲಿ ಒಂದು.

ಮೂರನೆಯದು ಕಾಮನ್ ರೈಲ್. ಇಲ್ಲಿ ಪಂಪಿನ ಕೆಲಸ ಒತ್ತಡ ಎಬ್ಬಿಸುವುದು ಮಾತ್ರ. ಒತ್ತಡದ ಡೀಸೆಲ್ ‘ರೈಲ್’ ಎಂಬ ದಪ್ಪ ಕೊಳವೆಯಲ್ಲಿ ತುಂಬಿಕೊಂಡಿರುತ್ತದೆ. ಯಾವಾಗ, ಎಷ್ಟು ಅನ್ನುವುದನ್ನು ಕಂಪ್ಯೂಟರ್ ಲೆಕ್ಕ ಹಾಕಿ, ಕರೆಂಟಿನಿಂದ ನಡೆಯುವ ಇಂಜೆಕ್ಟರ್‌ಗಳಿಗೆ ಹೇಳುತ್ತದೆ. 2020ರ ಏಪ್ರಿಲ್‌ನಲ್ಲಿ ಬಂದ, ಗಾಡಿಯ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮದ ನಂತರದ ಡೀಸೆಲ್ ಪಿಕಪ್ ನಿಮ್ಮದಾಗಿದ್ದರೆ ಅದು ಕಾಮನ್ ರೈಲ್ ಅಂತಲೇ ತಿಳಿಯಿರಿ. ಅದಕ್ಕಿಂತ ಹಿಂದಿನವುಗಳಲ್ಲೂ ಬಹಳಷ್ಟು ಗಾಡಿಗಳು ಇದೇ ಬಗೆ.

ಈ ವಿಷಯದಲ್ಲಿ ಬೆಂಗಳೂರಿಗೆ ಒಂದು ನಂಟಿದೆ. 1951ರಲ್ಲಿ ಶುರುವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ಮೈಕೋ, ಇಲ್ಲಿನ ಆಡುಗೋಡಿಯ ಕಾರ್ಖಾನೆಯಲ್ಲಿ ದಶಕಗಳ ಕಾಲ ಡೀಸೆಲ್ ಪಂಪು ತಯಾರಿಸಿತು. 2008ರಲ್ಲಿ ಅದರ ಹೆಸರು ಬಾಷ್ ಅಂತ ಬದಲಾಯಿತು. ಆದರೂ ಹಳೆಯ ಮೇಸ್ತ್ರಿಗಳ ಬಾಯಲ್ಲಿ ಇವತ್ತಿಗೂ ಅದು ‘ಮೈಕೋ ಪಂಪು’.

ಮೊದಲು ಸೈಲೆನ್ಸರ್ ನೋಡಿ

ಒಂದು ಸ್ಪ್ಯಾನರ್ ಹಿಡಿಯುವ ಮುಂಚೆ ಮಾಡಬಹುದಾದ ಪರೀಕ್ಷೆ ಇದು. ಒಬ್ಬರು ಸೆಲ್ಫ್ ಹೊಡೆಯಲಿ, ಇನ್ನೊಬ್ಬರು ಹಿಂದೆ ನಿಂತು ಹೊಗೆ ನೋಡಲಿ.

ಹತ್ತು ಸೆಕೆಂಡು ತಿರುಗಿಸಿದರೂ ಹೊಗೆಯೇ ಇಲ್ಲ ಅಂದರೆ ಸಿಲಿಂಡರಿಗೆ ಡೀಸೆಲ್ ತಲುಪುತ್ತಿಲ್ಲ. ಬಿಳಿ ಹೊಗೆ ಬಂದು, ಡೀಸೆಲ್ ವಾಸನೆಯೂ ಇದ್ದರೆ ಡೀಸೆಲ್ ಹೋಗುತ್ತಿದೆ, ಉರಿಯುತ್ತಿಲ್ಲ. ಆಗ ಪಂಪು ತನ್ನ ಪಾಲಿನ ಕೆಲಸವನ್ನು ಸ್ವಲ್ಪವಾದರೂ ಮಾಡುತ್ತಿದೆ ಅಂತಾಯಿತು. ಬ್ಯಾಟರಿ ಇಳಿದು ಇಂಜಿನ್ ನಿಧಾನ ತಿರುಗುತ್ತಿರಬಹುದು. ಸ್ಟಾರ್ಟ್ ಮಾಡುವಾಗ ಸಿಲಿಂಡರನ್ನು ಬಿಸಿ ಮಾಡುವ ಹೀಟರ್ ಪ್ಲಗ್ ಇರುವ ಗಾಡಿಯಾದರೆ ಅದು ಕೆಟ್ಟಿರಬಹುದು. ಕಂಪ್ರೆಷನ್, ಅಂದರೆ ಪಿಸ್ಟನ್ ಗಾಳಿಯನ್ನು ಒತ್ತುವ ಬಲ, ಕಡಿಮೆಯಾಗಿರಬಹುದು, ಇಲ್ಲವೇ ಟೈಮಿಂಗ್ ಹಿಂದೆ ಬಿದ್ದಿರಬಹುದು.

ಗಾಡಿ ಓಡುವಾಗ ಕಪ್ಪು ಹೊಗೆ ಬಂದರೆ ಗಾಳಿಗಿಂತ ಡೀಸೆಲ್ ಜಾಸ್ತಿಯಾಗಿದೆ ಅಂತ ಅರ್ಥ. ಇದನ್ನು ನೋಡಿದ ಕೂಡಲೇ ಪಂಪಿನ ಕಡೆ ಬೆರಳು ತೋರಿಸುವವರು ಬಹಳ. ಏರ್ ಫಿಲ್ಟರ್ ಧೂಳು ಕಟ್ಟಿದ್ದರೂ, ಟರ್ಬೊ ಪೈಪು ಬಿರಿದಿದ್ದರೂ, ನಾಜಲ್ ಮಂಜಿನ ಬದಲು ಧಾರೆ ಬಿಡುತ್ತಿದ್ದರೂ ಇದೇ ಹೊಗೆ ಬರುತ್ತದೆ. ನೀಲಿ ಹೊಗೆ ಇಂಜಿನ್ ಆಯಿಲ್ ಉರಿಯುವ ಗುರುತು. ಸಾಮಾನ್ಯವಾಗಿ ಅದಕ್ಕೂ ಪಂಪಿಗೂ ಸಂಬಂಧ ಇರುವುದಿಲ್ಲ.

ಟ್ಯಾಂಕಿನಿಂದ ಪಂಪಿನ ಬಾಗಿಲವರೆಗೆ

ಹೊಗೆಯೇ ಇಲ್ಲದ ಗಾಡಿಯನ್ನು ಹಿಂದಿನಿಂದ ನೋಡುತ್ತಾ ಬರಬೇಕು. ಹಣ ಉಳಿಯುವುದು ಈ ಹಂತದಲ್ಲಿ. ಆದ್ದರಿಂದ ಇಲ್ಲಿ ಆತುರ ಬೇಡ.

ಡೀಸೆಲ್ ಮುಳ್ಳನ್ನು ನಂಬಬೇಡಿ, ಟ್ಯಾಂಕಿಗೆ ಕಡ್ಡಿ ಇಳಿಸಿ ನೋಡಿ. ಮುಚ್ಚಳ ತೆಗೆಯುವಾಗ ‘ಸುಯ್’ ಅಂತ ಗಾಳಿ ಒಳಗೆ ಎಳೆದುಕೊಂಡರೆ ಗಾಳಿ ಆಡುವ ಸಣ್ಣ ತೂತು ಕಟ್ಟಿಕೊಂಡಿದೆ. ಅಂಥ ಗಾಡಿ ಕೆಲವು ಕಿಲೋಮೀಟರ್ ಚೆನ್ನಾಗಿ ಓಡಿ ನಿಲ್ಲುತ್ತದೆ, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಹೊರಡುತ್ತದೆ. ಎಷ್ಟೇ ಪಂಪು ಬದಲಿಸಿದರೂ ಇದು ಸರಿಹೋಗುವುದಿಲ್ಲ.

ಆಮೇಲೆ ಫಿಲ್ಟರ್. ಕೆಳಗಿನ ಸ್ಕ್ರೂ ಸಡಿಲಿಸಿ ಸ್ವಲ್ಪ ಡೀಸೆಲನ್ನು ಪಾರದರ್ಶಕ ಬಾಟಲಿಗೆ ಹಿಡಿಯಿರಿ. ಹತ್ತು ನಿಮಿಷ ಇಡಿ. ನೀರು ತೂಕ ಜಾಸ್ತಿ, ತಳಕ್ಕೆ ಇಳಿದು ಬೇರೆ ಪದರವಾಗಿ ನಿಲ್ಲುತ್ತದೆ. ತುಕ್ಕಿನ ಪುಡಿ ಕಂಡರೆ ಟ್ಯಾಂಕ್ ಒಳಗೆ ತುಕ್ಕು ಹಿಡಿದಿದೆ. ಸೀಮೆಎಣ್ಣೆ ವಾಸನೆ ಬಂದರೆ ಡೀಸೆಲ್ ತುಂಬಿಸಿದ ಜಾಗದ ಬಗ್ಗೆ ಯೋಚಿಸಬೇಕು.

ಗಾಳಿ ಹುಡುಕುವುದು ಸ್ವಲ್ಪ ತಾಳ್ಮೆಯ ಕೆಲಸ. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಪೈಪಿನಲ್ಲಿ ಡೀಸೆಲನ್ನು ಎಳೆಯಲಾಗುತ್ತದೆ, ತಳ್ಳುವುದಿಲ್ಲ. ಆದ್ದರಿಂದ ಅಲ್ಲಿ ಬಿರುಕಿದ್ದರೆ ಡೀಸೆಲ್ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ನೋಡಿದರೆ ಪೈಪು ಒಣಗಿದ್ದು ಚೆನ್ನಾಗಿಯೇ ಕಾಣುತ್ತದೆ. ಹಳೆಯ ತರದ ಗಾಡಿಯಲ್ಲಿ ಪಂಪಿಗೆ ಹೋಗುವ ರಬ್ಬರ್ ಪೈಪಿನ ಜಾಗದಲ್ಲಿ ಒಂದು ಗೇಣು ಪಾರದರ್ಶಕ ಪೈಪು ಹಾಕಿ ಸೆಲ್ಫ್ ಹೊಡೆದರೆ ಗುಳ್ಳೆಗಳು ಸಾಲಾಗಿ ಓಡುವುದು ಕಾಣುತ್ತದೆ. ಕ್ಲಿಪ್ಪು, ತಾಮ್ರದ ವಾಷರ್, ಫಿಲ್ಟರಿನ ರಬ್ಬರ್ ರಿಂಗು, ಟ್ಯಾಂಕಿನ ಹತ್ತಿರ ಒಣಗಿ ಸೀಳಿದ ಪೈಪು, ಹೆಚ್ಚಿನ ಸಲ ತಪ್ಪಿರುವುದು ಇಲ್ಲೆಲ್ಲೋ. ರಾತ್ರಿ ನಿಲ್ಲಿಸಿದ ಗಾಡಿ ಬೆಳಗ್ಗೆ ಮಾತ್ರ ತೊಂದರೆ ಕೊಟ್ಟು, ಹ್ಯಾಂಡ್ ಪಂಪು (ಡೀಸೆಲ್ ಎಳೆಯಲು ಇರುವ ಸಣ್ಣ ಕೈಪಂಪು) ಒತ್ತಿ ಏರ್ ತೆಗೆದ ಕೂಡಲೇ ಹಿಡಿದರೆ ಅನುಮಾನವೇ ಬೇಡ. ರಾತ್ರಿಯೆಲ್ಲ ಡೀಸೆಲ್ ನಿಧಾನವಾಗಿ ಟ್ಯಾಂಕಿಗೆ ಇಳಿದುಹೋಗಿದೆ.

ಇನ್ನೊಂದು ಪರೀಕ್ಷೆಯನ್ನು ನಾನು ಎಲ್ಲಕ್ಕಿಂತ ಮೇಲೆ ಇಡುತ್ತೇನೆ. ಹಳೆಯ ತರದ ಪಂಪಿರುವ ಗಾಡಿಯಲ್ಲಿ ಟ್ಯಾಂಕಿನ ಪೈಪನ್ನು ಬಿಡಿಸಿ, ಪಂಪಿಗಿಂತ ಎತ್ತರದಲ್ಲಿ ಕಟ್ಟಿದ ಶುದ್ಧ ಡೀಸೆಲ್ ಕ್ಯಾನಿನಿಂದ ಫಿಲ್ಟರಿನ ಮೂಲಕ ನೇರವಾಗಿ ಕೊಡುವುದು. ರಿಟರ್ನ್ ಪೈಪನ್ನೂ ಬೇರೆ ಡಬ್ಬಿಗೆ ಬಿಡಬೇಕು. ಏರ್ ತೆಗೆದು ಸ್ಟಾರ್ಟ್ ಮಾಡಿದಾಗ ಇಂಜಿನ್ ನೆಟ್ಟಗೆ ಓಡಿದರೆ ಪಂಪು ಚೆನ್ನಾಗಿದೆ. ತಪ್ಪು ಅದರ ಹಿಂದಿದೆ. ಬೇಕಾಗುವುದು ಒಂದು ಕ್ಯಾನು, ಎರಡು ಅಡಿ ಪೈಪು.

ಪಂಪಿನ ಮೇಲೆ ಸ್ಟಾಪ್ ಸೊಲೆನಾಯ್ಡ್ ಇದ್ದರೆ ಅದನ್ನೂ ಮರೆಯಬೇಡಿ. ಸೊಲೆನಾಯ್ಡ್ ಅಂದರೆ ಕರೆಂಟು ಕೊಟ್ಟಾಗ ಡೀಸೆಲ್ ದಾರಿ ತೆರೆಯುವ ಸಣ್ಣ ಬಾಗಿಲು. ಕೀ ಆನ್ ಮಾಡಿದಾಗ ‘ಟಕ್’ ಅನ್ನಬೇಕು. ಅನ್ನದಿದ್ದರೆ 12 ವೋಲ್ಟ್ ಬರುತ್ತಿದೆಯೇ ನೋಡಿ. ಸುಟ್ಟ ಫ್ಯೂಸಿಗಾಗಿ ಪಂಪು ಇಳಿಸಿದ ಉದಾಹರಣೆಗಳೂ ಇವೆ.

ಈಗ ಪಂಪಿನ ಸರದಿ

ಶುದ್ಧ ಡೀಸೆಲ್, ಗಾಳಿ ಇಲ್ಲದೆ, ಪಂಪಿನ ಬಾಗಿಲಿಗೆ ಬರುತ್ತಿದೆ. ಸೊಲೆನಾಯ್ಡ್ ತೆರೆಯುತ್ತಿದೆ. ಆದರೂ ಗಾಡಿ ಸರಿಯಿಲ್ಲ. ಈಗ ಪಂಪನ್ನು ಅನುಮಾನಿಸಬಹುದು. ಈ ಭಾಗದಲ್ಲಿ ಹೇಳುವುದೆಲ್ಲ ಹಳೆಯ ಎರಡು ಬಗೆಗೆ ಮಾತ್ರ.

ನಾಜಲ್ ಹತ್ತಿರದ ಉಕ್ಕಿನ ಪೈಪಿನ ನಟ್ಟನ್ನು ಅರ್ಧ ಸುತ್ತು ಸಡಿಲಿಸಿ ಸೆಲ್ಫ್ ಹೊಡೆದರೆ ಡೀಸೆಲ್ ಉಕ್ಕಿ ಉಕ್ಕಿ ಬರಬೇಕು. ಬಾರದಿದ್ದರೆ ಪಂಪು ಒತ್ತುತ್ತಿಲ್ಲ. ಕೈ, ಮುಖ ದೂರ ಇರಲಿ. ನಟ್ಟಿನ ಸುತ್ತ ಬಟ್ಟೆ ಇರಲಿ.

ಇಂಜಿನ್ ಓಡುತ್ತಿದ್ದು, ಯಾವುದೋ ಸಿಲಿಂಡರ್ ಉರಿಯದೆ ಮಿಸ್ಸಿಂಗ್ ಹೊಡೆಯುತ್ತಿದ್ದರೆ ಒಂದೊಂದೇ ನಟ್ಟು ಸಡಿಲಿಸಿ ಬಿಗಿ ಮಾಡುತ್ತಾ ಹೋಗುತ್ತಾರೆ. ಸಡಿಲಿಸಿದಾಗ ಇಂಜಿನ್ ಸದ್ದು ಬದಲಾದರೆ ಆ ಸಿಲಿಂಡರ್ ಕೆಲಸ ಮಾಡುತ್ತಿತ್ತು. ಏನೂ ಬದಲಾಗದಿದ್ದರೆ ಸೋಮಾರಿ ಅದೇ. ಅದರ ನಾಜಲನ್ನು ಪಕ್ಕದ ಸಿಲಿಂಡರಿಗೆ ಹಾಕಿ ನೋಡಿ. ದೋಷ ನಾಜಲ್ ಜೊತೆ ಹೋದರೆ ನಾಜಲ್ ಕೆಟ್ಟಿದೆ. ಇದ್ದಲ್ಲೇ ಉಳಿದರೆ ಪಂಪು ಅಥವಾ ಕಂಪ್ರೆಷನ್. ಪಂಪಿನ ಬಗೆ ಗೊತ್ತಿರಬೇಕು ಅಂದದ್ದು ಇದಕ್ಕೇ. ಇನ್‌ಲೈನ್‌ನಲ್ಲಿ ಪ್ರತಿ ಸಿಲಿಂಡರಿಗೂ ಬೇರೆ ಎಲಿಮೆಂಟ್ ಇರುವುದರಿಂದ ಒಂದೇ ಸಿಲಿಂಡರ್ ಸತ್ತರೂ ಪಂಪು ಕಾರಣ ಆಗಿರಬಹುದು. ರೋಟರಿಯಲ್ಲಿ ಎಲ್ಲರಿಗೂ ಬಡಿಸುವುದು ಒಂದೇ ಪ್ಲಂಜರ್. ಅದು ಸವೆದರೆ ನಾಲ್ಕೂ ಸಿಲಿಂಡರ್ ಸೊರಗುತ್ತವೆ. ಒಂದೇ ಸಿಲಿಂಡರಿನ ತೊಂದರೆಯಾದರೆ ನಾಜಲ್ ಕಡೆಯೇ ಮೊದಲು ನೋಡಬೇಕು. ದೋಷ ಪಂಪಿನಲ್ಲೇ ಇದ್ದರೂ ಅದು ಆ ಸಿಲಿಂಡರಿನ ಪೈಪು ಹೊರಡುವಲ್ಲಿರುವ ಡೆಲಿವರಿ ವಾಲ್ವ್ ಇರಬಹುದು.

ಸವೆದ ಪಂಪಿಗೆ ಒಂದು ವಿಶೇಷ ಲಕ್ಷಣ ಉಂಟು. ಬೆಳಗ್ಗೆ ತಣ್ಣಗಿದ್ದಾಗ ಚಕ್ಕನೆ ಹಿಡಿಯುತ್ತದೆ. ಐವತ್ತು ಕಿಲೋಮೀಟರ್ ಓಡಿಸಿ, ಚಹಾಕ್ಕೆ ನಿಲ್ಲಿಸಿ, ಮತ್ತೆ ಕೀ ತಿರುಗಿಸಿದರೆ ಹಿಡಿಯುವುದಿಲ್ಲ. ಬಿಸಿಯಾದ ಡೀಸೆಲ್ ತೆಳುವಾಗುತ್ತದೆ. ಸವೆದ ಸಂದಿನಲ್ಲಿ ಅದು ನುಸುಳಿ ಹಿಂದೆ ಬರುತ್ತದೆ. ಸೆಲ್ಫ್ ತಿರುಗಿಸುವ ನಿಧಾನ ವೇಗದಲ್ಲಿ ಒತ್ತಡ ಏಳುವುದಿಲ್ಲ. ಇಂಜಿನ್ ನಿಂತಿರುವಾಗ ಪಂಪಿನ ಮೇಲೆ ಒದ್ದೆ ಬಟ್ಟೆ ಹೊದಿಸಿ, ಸ್ವಲ್ಪ ಹೊತ್ತು ಕಾದು, ಆಗ ಹಿಡಿದರೆ ಪಂಪು ಸವೆದಿರುವುದು ಬಹುತೇಕ ಖಚಿತ. ಓಡುತ್ತಿರುವ ಬಿಸಿ ಪಂಪಿಗೆ ಕೊಡದಲ್ಲಿ ತಣ್ಣೀರು ಮಾತ್ರ ಸುರಿಯಬೇಡಿ. ಹೊರಗಿನ ಕವಚ ಒಮ್ಮೆಲೇ ಕುಗ್ಗಿ, ಎರಡು ಮೈಕ್ರಾನ್ ಸಂದು ಮುಚ್ಚಿ, ಚೆನ್ನಾಗಿದ್ದ ಪಂಪೂ ಹಿಡಿದುಕೊಳ್ಳಬಹುದು.

ಡಿಪ್‌ಸ್ಟಿಕ್ ಎಳೆದಾಗ ಆಯಿಲ್ ಮಟ್ಟ ಏರಿದ್ದು, ಡೀಸೆಲ್ ವಾಸನೆ ಬಂದರೆ, ಪಂಪಿನೊಳಗಿಂದ ಡೀಸೆಲ್ ಇಂಜಿನ್ ಆಯಿಲ್‌ಗೆ ಸೇರುತ್ತಿರುವ ಸಾಧ್ಯತೆ ಇದೆ. ಆಗ ಗಾಡಿ ಓಡಿಸಲೇಬಾರದು. ತೆಳುವಾದ ಆಯಿಲ್ ಬೇರಿಂಗುಗಳನ್ನು ತಿಂದುಹಾಕುತ್ತದೆ.

ಕಾಮನ್ ರೈಲ್: ನಟ್ಟು ಮುಟ್ಟಲೇಬೇಡಿ

ಪಿಕಪ್ ಟೈರಿನಲ್ಲಿ ಇರುವ ಗಾಳಿಯ ಒತ್ತಡ ಸುಮಾರು 4 ಬಾರ್. ಹಳೆಯ ಪಂಪಿನ ನಾಜಲ್ ತೆರೆಯುವುದು 200 ಬಾರ್ ಆಸುಪಾಸಿನಲ್ಲಿ. ಕಾಮನ್ ರೈಲಿನಲ್ಲಿ 1,600 ಬಾರ್, ಕೆಲವದರಲ್ಲಿ ಅದಕ್ಕಿಂತ ಜಾಸ್ತಿ. ಆ ಒತ್ತಡದಲ್ಲಿ ಸೂಜಿಮೊನೆಯಷ್ಟು ಸೋರಿಕೆಯೂ ಚರ್ಮ ತೂರಿ ಒಳಗೆ ಹೋಗುತ್ತದೆ. ಮೇಲೆ ಇರುವೆ ಕಚ್ಚಿದಷ್ಟೇ ಗಾಯ ಕಾಣಬಹುದು. ಒಳಗೆ ಮಾಂಸ ಕೊಳೆಯುತ್ತದೆ, ತಡ ಮಾಡಿದರೆ ಬೆರಳು ಅಥವಾ ಕೈಯನ್ನೇ ಕಳೆದುಕೊಳ್ಳಬೇಕಾಗುತ್ತದೆ. ಹೀಗಾದರೆ ಮುಲಾಮು ಹಚ್ಚಿ ಮನೆಗೆ ಹೋಗುವಂತಿಲ್ಲ. ಶಸ್ತ್ರಚಿಕಿತ್ಸೆ ಇರುವ ಆಸ್ಪತ್ರೆಗೆ ಆಗಲೇ ಓಡಬೇಕು. ಹಳೆಯ ಪಂಪಿನ ಅಭ್ಯಾಸದಲ್ಲಿ ಓಡುವ ಕಾಮನ್ ರೈಲ್ ಇಂಜಿನ್‌ನ ನಟ್ಟು ಸಡಿಲಿಸಬೇಡಿ, ಸೋರುವ ಜಾಗವನ್ನು ಬೆರಳಿನಿಂದ ಹುಡುಕಬೇಡಿ.

ಇಲ್ಲಿ ಗಾಡಿಯ ಕಂಪ್ಯೂಟರ್ ದಾಖಲಿಸಿದ ದೋಷದ ಕೋಡ್ ಓದುವ ಸ್ಕ್ಯಾನರ್ ಬೇಕು. ಹೆಚ್ಚಾಗಿ ಕಾಣುವ ಕೋಡ್ ಪಿ0087, ಅಂದರೆ ರೈಲಿನಲ್ಲಿ ಒತ್ತಡ ಸಾಲದು. ಅದು ಹೇಳುವುದು ಅಷ್ಟೇ. ‘ಪಂಪು ಬದಲಿಸಿ’ ಅಂತ ಅದು ಹೇಳುತ್ತಿಲ್ಲ. ಫಿಲ್ಟರ್ ಕಟ್ಟಿದ್ದರೂ, ಗಾಳಿ ಸೇರಿದ್ದರೂ, ಫೀಡ್ ಪಂಪು ಸೋತಿದ್ದರೂ, ಒತ್ತಡ ಅಳೆಯುವ ಸೆನ್ಸರ್ ಸುಳ್ಳು ಹೇಳಿದರೂ, ಇಂಜೆಕ್ಟರ್‌ಗಳು ಒಳಗೇ ಸೋರುತ್ತಿದ್ದರೂ ಅದೇ ಕೋಡ್ ಬರುತ್ತದೆ. ಡ್ರಿಪ್ ಪೈಪು ಎಲ್ಲೋ ಸೀಳಿದ್ದರೆ ಮೋಟಾರು ಹೊಸದಾದರೂ ಕೊನೆಯ ಗಿಡಕ್ಕೆ ನೀರು ಹೋಗುವುದಿಲ್ಲ, ಅಲ್ವಾ?

ಇಂಜೆಕ್ಟರ್ ಸೋರಿಕೆ ನೋಡಲು ಸರಳ ದಾರಿ ಇದೆ. ತಿಳಿದ ಮೆಕ್ಯಾನಿಕ್ ನಾಲ್ಕೂ ಇಂಜೆಕ್ಟರಿನ ರಿಟರ್ನ್ ಪೈಪಿಗೆ ಒಂದೊಂದು ಸಣ್ಣ ಬಾಟಲಿ ಸಿಕ್ಕಿಸಿ ಇಂಜಿನ್ ತಿರುಗಿಸುತ್ತಾನೆ. ರಿಟರ್ನ್‌ನಲ್ಲಿ ಒತ್ತಡ ಕಡಿಮೆ. ಯಾವ ಬಾಟಲಿ ಉಳಿದವುಗಳಿಗಿಂತ ಬೇಗ ತುಂಬುತ್ತದೋ ಆ ಇಂಜೆಕ್ಟರ್ ರೈಲಿನ ಒತ್ತಡವನ್ನು ಸೋರಿಸುತ್ತಿದೆ. ಈ ಪರೀಕ್ಷೆ ಮಾಡದೆ ಪಂಪಿನ ಬೆಲೆ ಹೇಳಿದರೆ, “ಬಾಟಲಿ ಹಾಕಿ ನೋಡಿದ್ರಾ?” ಅಂತ ಕೇಳಿ.

ಪಂಪನ್ನು ಸಾಯಿಸುವುದು ಏನು?

ರೋಟರಿ ಮತ್ತು ಕಾಮನ್ ರೈಲ್ ಪಂಪಿನ ಒಳಭಾಗಗಳಿಗೆ ಸಾಮಾನ್ಯವಾಗಿ ಬೇರೆ ಆಯಿಲ್ ಇಲ್ಲ. ಹಾದುಹೋಗುವ ಡೀಸೆಲೇ ಅದಕ್ಕೆ ಎಣ್ಣೆ, ಅದೇ ತಂಪು. ಈ ಒಂದು ವಿಷಯ ಗೊತ್ತಿದ್ದರೆ ಉಳಿದದ್ದು ಅರ್ಥವಾಗುತ್ತದೆ. ನೀರು ಸೇರಿದರೆ ತುಕ್ಕು. ಸೀಮೆಎಣ್ಣೆ ಅಥವಾ ಪೆಟ್ರೋಲ್ ಬೆರೆತರೆ ಜಾರುವ ಗುಣ ಹೋಗಿ ಲೋಹಕ್ಕೆ ಲೋಹ ಉಜ್ಜುತ್ತದೆ. ಟ್ಯಾಂಕ್ ಖಾಲಿಯಾಗುವವರೆಗೆ ಓಡಿಸಿದರೆ, ಅಥವಾ ಹಿಡಿಯದ ಗಾಡಿಗೆ ನಿಮಿಷಗಟ್ಟಲೆ ಸೆಲ್ಫ್ ಹೊಡೆದರೆ ಪಂಪು ಒಣಗಿ ತಿರುಗುತ್ತದೆ.

ಅಮೆರಿಕದಲ್ಲಿ ಇದಕ್ಕೆ ಹೆಸರಾದ ಉದಾಹರಣೆ ಇದೆ. 1998ರಿಂದ 2002ರ ನಡುವಿನ ಡಾಡ್ಜ್ ರ್‍ಯಾಮ್ ಡೀಸೆಲ್ ಪಿಕಪ್‌ಗಳಲ್ಲಿ ವಿಪಿ44 ಎಂಬ ರೋಟರಿ ಪಂಪಿತ್ತು. ಹಿಂದಿನ ಚಿಕ್ಕ ಫೀಡ್ ಪಂಪು ಸೋತು, ಸಾಕಷ್ಟು ಡೀಸೆಲ್ ಸಿಗದೆ ಈ ದುಬಾರಿ ಪಂಪು ಹಾಳಾಗುತ್ತಿತ್ತು. ಫೀಡ್ ಪಂಪು ನೋಡದೆ ದೊಡ್ಡದನ್ನಷ್ಟೇ ಬದಲಿಸಿದರೆ ಹೊಸದಕ್ಕೂ ಅದೇ ಗತಿ.

‘ಈಗಿನ ಡೀಸೆಲ್‌ನಲ್ಲಿ ಗಂಧಕ ಇಲ್ಲ, ಅದಕ್ಕೇ ಪಂಪು ಹೋಗುತ್ತೆ’ ಅನ್ನುವ ಮಾತು ಕೇಳಿರಬಹುದು. ಬಿಎಸ್-4 ಡೀಸೆಲ್‌ನಲ್ಲಿ ಗಂಧಕದ ಮಿತಿ ಹತ್ತು ಲಕ್ಷಕ್ಕೆ 50 ಭಾಗ ಇತ್ತು, ಬಿಎಸ್-6ರಲ್ಲಿ 10ಕ್ಕೆ ಇಳಿಯಿತು. ಗಂಧಕ ತೆಗೆಯುವ ಸಂಸ್ಕರಣೆಯಲ್ಲಿ ಡೀಸೆಲ್‌ನ ಜಾರುವ ಗುಣ ಕಡಿಮೆಯಾಗುವುದು ನಿಜ. ಅದನ್ನು ಸರಿದೂಗಿಸಲು ಬೇರೆ ಪದಾರ್ಥ ಬೆರೆಸುತ್ತಾರೆ, ಅದಕ್ಕೊಂದು ಅಳತೆಯ ನಿಯಮವೂ ಇದೆ. ನಿಯಮದಂತೆ ಬಂದ ಡೀಸೆಲ್‌ನಿಂದ ಭಯವಿಲ್ಲ. ನಡುವೆ ಬೆರಕೆಯಾದರೆ ಈ ಲೆಕ್ಕವೆಲ್ಲ ಕೆಡುತ್ತದೆ.

ಪಂಪ್ ರೂಮಿಗೆ ಕೊಟ್ಟ ಮೇಲೆ

ಕೊನೆಗೂ ಪಂಪು ಇಳಿಸಲೇಬೇಕಾದರೆ, ಬಿಚ್ಚುವ ಮುಂಚೆ ಟೆಸ್ಟ್ ಬೆಂಚಿನ ಮೇಲೆ ಓಡಿಸಿ ತೋರಿಸಲು ಹೇಳಿ. ಬೆಂಚು ಅಂದರೆ ಪಂಪನ್ನು ಬೇರೆ ಬೇರೆ ವೇಗದಲ್ಲಿ ತಿರುಗಿಸಿ, ಪ್ರತಿ ಪೈಪಿನಿಂದ ಬರುವ ಡೀಸೆಲನ್ನು ಗಾಜಿನ ಕೊಳವೆಗಳಲ್ಲಿ ಅಳೆಯುವ ಯಂತ್ರ. ನಾಲ್ಕು ಕೊಳವೆಯ ಮಟ್ಟ ಸಮ ಇದ್ದು, ಕಂಪನಿ ಹೇಳಿದ ಅಳತೆಗೆ ಹೊಂದಿದರೆ ಪಂಪು ಬಿಚ್ಚುವ ಅಗತ್ಯವೇ ಇಲ್ಲ. ರಿಪೇರಿ ಆದ ಮೇಲೂ ಅದೇ ಬೆಂಚಿನ ಮೇಲೆ ಕ್ಯಾಲಿಬ್ರೇಷನ್, ಅಂದರೆ ಅಳತೆ ಸರಿಹೊಂದಿಸುವುದು, ಆಗಬೇಕು. ಹಳೆಯ ಎಲಿಮೆಂಟ್‌ಗಳನ್ನು ಕೇಳಿ ಪಡೆದುಕೊಳ್ಳಿ. ಕನ್ನಡಿಯಂತೆ ಹೊಳೆಯಬೇಕಾದ ಕಡ್ಡಿಯ ಮೇಲೆ ಉದ್ದುದ್ದ ಗೀರು ಕಂಡರೆ ಕಸ ಹೋಗಿದೆ, ಕಂದು ಕಲೆ ಕಂಡರೆ ನೀರು ಹೋಗಿದೆ.

ಕಾಮನ್ ರೈಲ್ ಪಂಪು ಒಳಗೇ ಉಜ್ಜಿ ಹಾಳಾಗಿದ್ದರೆ ಫಿಲ್ಟರ್ ಬಟ್ಟಲಿನಲ್ಲಿ ಬೆಳ್ಳಿಯ ಬಣ್ಣದ ಮಿನುಗು ಪುಡಿ ಸಿಗಬಹುದು. ಆ ಪುಡಿ ರೈಲು, ಇಂಜೆಕ್ಟರ್, ರಿಟರ್ನ್ ಪೈಪು ಎಲ್ಲಾ ಸುತ್ತಿ ಟ್ಯಾಂಕಿಗೂ ಸೇರಿರುತ್ತದೆ. ಹಾಗಾಗಿ ಹೊಸ ಪಂಪು ಕೂರಿಸುವ ಮುಂಚೆಯೇ ಟ್ಯಾಂಕ್ ಇಳಿಸಿ ತೊಳೆಸಬೇಕು, ಪೈಪುಗಳನ್ನು ಊದಿಸಬೇಕು, ಇಂಜೆಕ್ಟರ್‌ಗಳನ್ನು ಪರೀಕ್ಷೆಗೆ ಕಳಿಸಬೇಕು, ಫಿಲ್ಟರ್ ಹೊಸದು ಹಾಕಬೇಕು. ಗಾಡಿ ಎರಡು ದಿನ ಜಾಸ್ತಿ ನಿಂತರೂ ಪರವಾಗಿಲ್ಲ.